ಹೆಲಿಕಾಪ್ಟರಿನ ತರುಗು

ಹತ್ತಿ ವ್ಯಾಪಾರಿಗೂ ವಾಯುಸೇನೆಗೂ ಏನು ಸಂಬಂಧ ಅಂತ ಕೇಳಬೇಡಿ. ಆದೋನಿಯಲ್ಲಿ ಜಿನ್ನಿಂಗ್ ಮಿಲ್ಲು ಇಟ್ಟುಕೊಂಡು, ಅಕ್ಕನನ್ನು ವಾಯುಸೇನೆಯವರಿಗೆ ಕೊಟ್ಟ ಮೇಲೆ ಇಂಥವೆಲ್ಲ ತಾವೇ ವಿಳಾಸ ಹುಡುಕಿಕೊಂಡು ಬರುತ್ತವೆ.

ಭಾವನ ಇತಿಹಾಸ

ನಮ್ಮ ಭಾವ ಇದ್ದದ್ದು ದೇಶ ಆಳುವವರನ್ನು ಹೊತ್ತು ತಿರುಗುವ ತುಕಡಿಯಲ್ಲಿ. ನಿವೃತ್ತರಾಗಿ ಬಂದವರು ಸಂಜೆ ಅಂಗಡಿಯ ಗಾದಿ ಮೇಲೆ ಕೂತರೆ ತುಕಡಿಯ ಇತಿಹಾಸ ಶುರು. ಮೊದಲು ಪಂಖದ ವಿಮಾನಗಳಿದ್ದವಂತೆ, ಇಳಿಯುವಷ್ಟರಲ್ಲಿ ಮಂತ್ರಿಗಳ ಕಿವಿ ಗುಂಯ್ ಅನ್ನುತ್ತಿತ್ತಂತೆ. ಆಮೇಲೆ ಜೆಟ್ ಬಂತು, ಒಳಗೆ ಸೋಫಾ ಬಂತು, ಸಣ್ಣ ಊರುಗಳಿಗೆ ಹೆಲಿಕಾಪ್ಟರು ಬಂತು.

"ನೀವೆಷ್ಟು ಸಲ ಹಾರೀರಿ, ಭಾವ?" ಅಂದೆ.

ಭಾವ ಕೆಮ್ಮಿದರು. "ನಂದು ಕೆಳಗಿನ ಡ್ಯೂಟಿ. ಅವರು ಹತ್ತಿದ ಮ್ಯಾಲ ಬಾಗಿಲು ಹಾಕೋದು."

ಒಳಗಿಂದ ಅಕ್ಕ: "ಅಲ್ಲೇ ಹಾಕಿ ಹಾಕಿ ಸಾಕಾಗೇತಿ ಅವರಿಗೆ. ಮನ್ಯಾಗ ಒಂದಿನಾನೂ ಬಾಗಿಲು ಹಾಕಂಗಿಲ್ಲ, ದಿನಾ ಬೆಕ್ಕು ಹಾಲು ಕುಡೀತೈತಿ!"

ಗಾಳಿ ಚೀಲ

ಹೋದ ವರ್ಷ ಅದೇ ತುಕಡಿಯ ಹೆಲಿಕಾಪ್ಟರು ನಮ್ಮ ಮಿಲ್ಲಿನ ಬಯಲಿಗೇ ಬರುವುದಾಯಿತು. ದಿಲ್ಲಿಯ ದೊಡ್ಡವರೊಬ್ಬರ ಸಭೆ. ಜಾಗ ಕೊಟ್ಟ ಸಾವ್ಕಾರರನ್ನು, ಅಂದರೆ ನನ್ನನ್ನು, ವಾಪಸು ಹೋಗುವಾಗ ಕರ್ನೂಲಿನವರೆಗೆ ಕರೆದೊಯ್ಯೋಣ ಅಂದರಂತೆ. ನಾನು ಇಡೀ ಮಾರ್ಕೆಟಿಗೆ ಹೇಳಿದೆ. ಭಾವನಿಗೆ ಎರಡು ಸಲ ಹೇಳಿದೆ.

ಹಿಂದಿನ ದಿನ ಬಂದ ಅಧಿಕಾರಿ, ಗಾಳಿ ಎತ್ತ ಬೀಸುತ್ತದೆಂದು ತಿಳಿಯಲು ಕಂಬಕ್ಕೆ ಉದ್ದನೆಯ ಬಟ್ಟೆ ಚೀಲ ಕಟ್ಟಿಸಿ ಊಟಕ್ಕೆ ಹೋದರು. ತಿರುಗಿ ಬಂದರೆ ಚೀಲ ಮಿಸುಕುತ್ತಿಲ್ಲ. "ಇಲ್ಲಿ ಗಾಳಿಯೇ ಇಲ್ಲವೇ?" ಅನ್ನುವಷ್ಟರಲ್ಲಿ ಅವರ ಟೋಪಿ ಹಾರಿತು. ಹಮಾಲರ ಮೇಸ್ತ್ರಿ ಓಡಿ ಹಿಡಿದು ತಂದು ಹೇಳಿದ:

"ದೊಡ್ಡೋರು ಬರೋ ಜಾಗದಾಗ ಖಾಲಿ ಚೀಲ ತೂಗಾಕಿದ್ರ ಸಾವ್ಕಾರ್ರ ಮರ್ಯಾದಿ ಏನುಳೀತೈತ್ರಿ? ಗಟ್ಟಿಯಾಗಿ ಹತ್ತಿ ತುಂಬಿ ಬಾಯಿ ಹೊಲ್ದೀವಿ."

ಕಾಟಾ

ಮರುದಿನ ಸಭೆ ಮುಗಿಯಿತು. ಹೊಸ ಅಂಗಿ ತೊಟ್ಟು ನಿಂತಿದ್ದೆ. ಬಿಸಿಲು ಜಾಸ್ತಿ, ಭಾರ ಮೀರಿದರೆ ಏಳುವುದಿಲ್ಲ, ಹತ್ತುವವರನ್ನೆಲ್ಲ ತೂಗಬೇಕು ಅಂದರು ಪೈಲಟ್. ಮಿಲ್ಲಿನಲ್ಲಿ ಹತ್ತಿ ಚೀಲ ತೂಗುವ ಕಾಟಾ ಬಂತು. ದೊಡ್ಡವರು, ಅವರ ಕಾರ್ಯದರ್ಶಿ, ಕಾವಲಿನವರು, ಕೊನೆಗೆ ನಾನು. ನಮ್ಮ ಕಾಟಾದವನು ಒಬ್ಬೊಬ್ಬರ ತೂಕ ಕೂಗಿದ. ಎಲ್ಲ ಸರಿಹೋಯಿತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ.

ಪೈಲಟ್ ತಮಾಷೆಗೆ ತಾವೂ ಕಾಟಾ ಹತ್ತಿದರು.

"ಎಪ್ಪತ್ತು!"

ಅವರ ಹುಬ್ಬು ಗಂಟಾಯಿತು. ಬೆಳಿಗ್ಗೆ ಎಪ್ಪತ್ತೆರಡು ಇದ್ದೆನಲ್ಲ ಅಂತ ಹಿಂದಿಯಲ್ಲಿ ಕೇಳಿದರು. ಭಾವ ಕನ್ನಡಕ್ಕೆ ತಿರುಗಿಸಿದರು. ಕಾಟಾದವನು ಕೈಮುಗಿದು, ಜನರೆಲ್ಲ ಕೇಳುವಂತೆ ಹೇಳಿದ:

"ತರುಗು ತೆಗದೀನ್ರಿ, ತೂಕದಾಗಿನ ಕಡಿತ. ಚೀಲಕ್ಕ ಎರಡು ಕಿಲೋ. ಸಾವ್ಕಾರ್ರು ಇಪ್ಪತ್ತು ವರ್ಷದಿಂದ ಕಲಿಸಿದ ಪದ್ಧತಿ. ದೊಡ್ಡೋರು ಅಂತನೂ ಬಿಟ್ಟಿಲ್ಲ, ಎಲ್ಲಾರಿಗೂ ಒಂದೇ ನ್ಯಾಯ!"

ತರುಗು ತೆಗೆಯದೆ ಮತ್ತೆ ತೂಗಿದರೆ ಭಾರ ಮೀರಿತ್ತು. ಒಬ್ಬರು ಇಳಿಯಲೇಬೇಕು. ಎಲ್ಲರೂ ನನ್ನನ್ನೇ ನೋಡಿದರು.

"ಇಳಿಯಪಾ," ಅಂದರು ಭಾವ. ಇಳಿದೆ. ನನ್ನ ಹಿಂದೆ ಬಾಗಿಲು ಹಾಕಿ, ಹಳೇ ಠೀವಿಯಲ್ಲಿ ಸಲ್ಯೂಟ್ ಹೊಡೆದರು.

ಹೆಲಿಕಾಪ್ಟರು ಎಬ್ಬಿಸಿದ ಧೂಳನ್ನು ಹೊಸ ಅಂಗಿಯಿಂದ ಕೊಡವುತ್ತಿದ್ದಾಗ, ಹಿಂದಿನ ವಾರವಷ್ಟೇ ನನಗೆ ಹತ್ತಿ ಮಾರಿದ್ದ ಪೆದ್ದಹರಿವಾಣದ ರೈತ ಪಕ್ಕಕ್ಕೆ ಬಂದ.

"ನಮ್ಮದಾದ್ರ ಚೀಲಕ್ಕ ಎರಡೇ ಕಿಲೋ ಹೋಗ್ತಿತ್ರಿ, ಸಾವ್ಕಾರ್ರ. ಇವತ್ತು ನೀವು ಇಡಿಯಾಗಿ ತರುಗಿಗೆ ಹೋದ್ರಲ್ರೀ!"