ಕೆಂಪು ಬಟ್ಟೆ ಕಟ್ಟಿದ ಆಕಳು

ನನ್ನ ಸೋದರಮಾವನಿಗೆ ಮರೆವು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೆನಪಿಡಬೇಕು ಎನ್ನುವುದು ಅವರಿಗೆ ಚೆನ್ನಾಗಿಯೇ ನೆನಪಿರುತ್ತದೆ. ಏನನ್ನು ಎನ್ನುವುದಷ್ಟೇ ತಪ್ಪಿಹೋಗುತ್ತದೆ!

ಅದಕ್ಕೆ ಅವರು ಕಂಡುಕೊಂಡ ಮದ್ದು, ಅತ್ತೆಯ ಹಳೆಯ ಕೆಂಪು ಸೀರೆ. ಮನ್ಮನೆ ಊರಿನ ಅವರ ಮನೆಯಲ್ಲಿ ಖಾಲಿ ಗ್ಯಾಸ್ ಸಿಲಿಂಡರಿಗೂ ಅದರದೇ ಚಿಂದಿ, ಪಂಕ್ಚರಾದ ಸ್ಕೂಟರಿಗೂ ಅದರದೇ ಚಿಂದಿ. ಒಮ್ಮೆ ವಾನಳ್ಳಿಯ ಮದುವೆಗೆ ತಮ್ಮ ಕೈಗೇ ಕಟ್ಟಿಕೊಂಡು ಬಂದಿದ್ದರು. ಯಾಕೆ ಎಂದು ಕೇಳಿದರೆ ಊಟ ಮುಗಿಯುವವರೆಗೂ ಯೋಚಿಸಿದರು. ಉಡುಗೊರೆ ಮನೆಯಲ್ಲೇ ಉಳಿದಿದೆ ಎಂದು ಗೊತ್ತಾದದ್ದು ವಾಪಸು ಹೋದ ಮೇಲೆ.

ಇಂಥವರ ಕೊಟ್ಟಿಗೆಯಲ್ಲಿ ಹಾಲು ಕೊಡುವ ಆಕಳು ಎರಡು. ತಾಯಿ, ಮಗಳು, ಎರಡೂ ಕಪ್ಪು. ಕಳೆದ ದೀಪಾವಳಿ ಹತ್ತಿರ ಬಂದಾಗ ಒಂದಕ್ಕೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ಇಂಜೆಕ್ಷನ್ ಚುಚ್ಚಿ, ಔಷಧಿ ಹಾಲಿಗೂ ಇಳಿಯುತ್ತದೆ, ತಾವು ಹೇಳುವವರೆಗೆ ಇದರ ಹಾಲು ಡೈರಿಗೂ ಬೇಡ, ಮನೆಗೂ ಬೇಡ ಎಂದರು. ಮಾವ ತಕ್ಷಣ ಅದರ ಕೋಡಿಗೆ ಕೆಂಪು ಬಟ್ಟೆ ಬಿಗಿದರು.

ಯಲ್ಲಾಪುರದ ಮಗಳ ಮನೆಗೆ ಹೋಗಿದ್ದ ಅತ್ತೆಗೆ ಇದೊಂದೂ ತಿಳಿಯದು. ಹಬ್ಬಕ್ಕೆ ಬಂದವರು ಗೋಪೂಜೆಯ ದಿನ ಅಡಿಕೆ ಸರ ಕಟ್ಟಲು ಕೊಟ್ಟಿಗೆಗೆ ಹೋದರೆ, ಒಂದು ಆಕಳಿಗೆ ಮಾತ್ರ ಕೆಂಪು ಅಲಂಕಾರ! ಗೋವುಗಳಲ್ಲೂ ಪಂಕ್ತಿಭೇದವೇ? ಅದೇ ಸೀರೆಯ ಇನ್ನೊಂದು ತುಂಡು ಹರಿದು ಮತ್ತೊಂದಕ್ಕೂ ಕಟ್ಟಿದರು.

ಸಂಜೆ ಹಾಲು ಕರೆಯಲು ಹೋದ ಮಾವ ಪಾತ್ರೆ ಹಿಡಿದು ನಿಂತೇ ಇದ್ದರು. ಬಾವು ಇಳಿದುಹೋಗಿದ್ದರಿಂದ ಇಂಜೆಕ್ಷನ್ ಚುಚ್ಚಿದ್ದು ಯಾವುದಕ್ಕೆಂದು ತಿಳಿಯುವಂತಿರಲಿಲ್ಲ. ಹಬ್ಬಕ್ಕೆಂದು ಹೋಗಿದ್ದ ನಾನು ಮೊದಲು ತಾಯಿ ಎಂದೆ, ಆಮೇಲೆ ಮಗಳಿರಬಹುದು ಎಂದೆ. ಡಾಕ್ಟರಿಗೆ ಫೋನು ಮಾಡಿದರೆ ಅವರಿಗೂ ನೆನಪಿದ್ದದ್ದು ಇಷ್ಟೇ: ಆಕಳು ಕಪ್ಪು!

ಮಾವ ಎರಡರ ಹಾಲನ್ನೂ ಕರೆದು ತೆಂಗಿನ ಬುಡಕ್ಕೆ ಸುರಿಯಲು ಹೊರಟರು. ಹಬ್ಬದ ದಿನ ಚಹಾಕ್ಕೂ ಹಾಲಿಲ್ಲವೆಂದು ಅತ್ತೆ ಗೊಣಗಿದರು. ಡೈರಿಯ ಕ್ಯಾನಿಗೆ ಇಡೀ ಊರಿನ ಹಾಲು ಬೀಳುತ್ತದೆ, ನಮ್ಮ ಒಂದು ಚೊಂಬು ಸೇರಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನೂ ಬುದ್ಧಿ ಹೇಳಿದೆ.

"ತಮಾ, ಇದೇ ಜಾತಿ ಇಂಜೆಕ್ಷನ್ ನಿನ್ನ ಅತ್ತೆಗೆ ಆಗ್ತಿಲ್ಲೆ," ಎಂದರು ಮಾವ. "ಮದ್ವೆಯಾದ ವರ್ಷ ಮೈಯೆಲ್ಲ ಬಾತು, ಉಸಿರೇ ಹೋದಂಗೆ ಆಗಿತ್ತು. ಆ ಕ್ಯಾನಿನ ಹಾಲು ಯಾರ ಮನೆಗೆ ಹೋಗ್ತು ಹೇಳಿ ಯಂಗೆ ಗೊತ್ತಿಲ್ಲೆ. ಅಲ್ಲೂ ನಿನ್ನ ಅತ್ತೆಯಂಥದ್ದೊಂದು ಇದ್ರೆ?"

ಅತ್ತೆ ಮಾವನ ಕೈಯಿಂದ ಪಾತ್ರೆ ತೆಗೆದುಕೊಂಡು ತಾವೇ ಹೋಗಿ ಸುರಿದು ಬಂದರು. ಮಾವ ಹೇಳಿದ್ದು ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಅದಕ್ಕಾಗಿ ಅವರು ಎಲ್ಲಿಯೂ ಕೆಂಪು ಬಟ್ಟೆ ಕಟ್ಟಿಕೊಂಡಿರಲಿಲ್ಲ.