ಓಕೆ ಅಂದ ಸೋದರಮಾವ

ನಾನು ಓದಿದ್ದು ಏಳನೇ ತರಗತಿ. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ಇವತ್ತಿಗೂ ನನ್ನ ಹತ್ತಿರ ಉಳಿದಿರುವುದು ಒಂದೇ ಮಾತು, ಓಕೆ. ಅದೊಂದರಿಂದಲೇ ಸಂಸಾರ ನಡೆದುಹೋಗುತ್ತಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಣಗಿದ ಮೆಣಸನ್ನು ಹಲ್ಲಲ್ಲಿ ಕಡಿದು ಓಕೆ ಅಂದರೆ ಮೂಟೆ ಹೊಲಿಯಬಹುದು. ಹಾನುಬಾಳಿನ ಜೀಪಿನವನು ಹದಿನೈದನೆಯವನನ್ನೂ ಒಳಗೆ ತುರುಕಿ ಓಕೆನಾ ಅನ್ನುತ್ತಾನೆ. ಉಸಿರಾಡಲು ಜಾಗವಿಲ್ಲದ ನಾವೂ ಓಕೆ ಅನ್ನುತ್ತೇವೆ. ಸಾರು ಹೇಗಿದೆ ಎಂದು ಹೆಂಡತಿ ಕೇಳಿದಾಗ ಮಾತ್ರ ಈ ಮಾತು ಬಳಸಬಾರದು. ಒಮ್ಮೆ ಬಳಸಿ, ಮೂರು ದಿನ ಅದೇ ಸಾರು ಉಂಡಿದ್ದೇನೆ.

ನನ್ನ ಓಕೆ ಇವೆಲ್ಲಕ್ಕಿಂತ ಬೇರೆ. ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ, ಬೇಗ ಮುಗಿಸಿ ಎಂಬುದು ಅದರ ಅರ್ಥ. ಐದು ವರ್ಷದ ಹಿಂದೆ ಆಲೂರಿನಲ್ಲಿರುವ ಅಕ್ಕ ಫೋನ್ ಮಾಡಿದಾಗ ನಾನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುತ್ತಿದ್ದೆ. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಗೊಂಚಲು, ಹೆಗಲಿಗೂ ಕೆನ್ನೆಗೂ ನಡುವೆ ಅಕ್ಕ. ನಾಲ್ಕು ಸಲ ಓಕೆ ಅಂದೆ. ಅದರಲ್ಲಿ ಒಂದು, ಅವಳ ವರ್ಷದ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಗುರುವಾರ ಬರುತ್ತೇನೆ ಅನ್ನುವುದಾಗಿತ್ತಂತೆ. ಸೋದರಮಾವನ ತೊಡೆ ಮೇಲೆ ಕೂರಿಸದೆ ನಮ್ಮಲ್ಲಿ ಕಿವಿ ಚುಚ್ಚುವುದಿಲ್ಲ. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ.

ಗುರುವಾರವೂ ನಾನು ಮರದ ಮೇಲೇ ಇದ್ದೆ. ಫೋನ್ ಬಂತು.

“ಎಲ್ಲಿದ್ದೀಯೋ? ಅಕ್ಕಸಾಲಿ ಆಚಾರ್ರು ಬಂದು ತಂತಿ ಕಾಯಿಸ್ಕೊಂಡು ಕೂತವ್ರೆ. ಒಂದೂವರೆಗೆ ರಾಹುಕಾಲ ಕಣೋ.”

“ಓಕೆ ಅಕ್ಕ.”

“ಏನ್ ಓಕೆ? ನಿನ್ ತೊಡೆ ಎಲ್ಲೈತೆ ಅದ್ ಹೇಳು.”

ತೊಡೆ ಆಗ ನೆಲದಿಂದ ಇಪ್ಪತ್ತಡಿ ಮೇಲಿತ್ತು. ಬೈಕಿನ ಮೇಲಿದೆ ಅಂದುಬಿಟ್ಟೆ.

ಇಳಿದವನೇ ಉಟ್ಟ ಲುಂಗಿಯಲ್ಲೇ ಹೊರಟೆ. ಮೆಣಸಿನ ಮರದಿಂದ ಇಳಿದವನ ಮೈಮೇಲೆ ಚಿಗಳಿ, ಆ ಕೆಂಪಿರುವೆ, ಇದ್ದೇ ಇರುತ್ತದೆ. ಬಟ್ಟೆ ಕೊಡವಿ, ಮೈ ತೊಳೆದೇ ಒಳಗೆ ಬರುವುದು ನಮ್ಮ ಕಡೆಯ ರೂಢಿ. ನಾನು ಹಾಗೇ ಹೋಗಿ ಮಣೆ ಮೇಲೆ ಕೂತೆ. ರಾಹುಕಾಲಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಗುವನ್ನು ತೊಡೆಗೆ ಕೊಟ್ಟರು. ಬಲಗಿವಿ ಚೆನ್ನಾಗಿಯೇ ಆಯಿತು. ಎಡಗಿವಿಗೆ ತಂತಿ ಹಿಡಿದ ಆಚಾರ್ರು ಅಲುಗಾಡದಂತೆ ಕೂರಲು ಹೇಳಿದರು. ಅಷ್ಟರಲ್ಲಿ ಲುಂಗಿಯೊಳಗೆ ಒಂದು ಚಿಗಳಿಗೆ ಎಚ್ಚರವಾಯಿತು. ಮಗು ಅಲುಗಲಿಲ್ಲ. ಮಾವ ನೆಗೆದ.

ಅಕ್ಕ ಮಗುವನ್ನು ಎತ್ತಿಕೊಂಡು ಕಿವಿಗೆ ಅರಿಶಿನ ಒತ್ತಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹುಡುಗಿಗೆ ಈಗ ಆರು ವರ್ಷ. ಎಡಗಡೆಯ ಓಲೆ ಒಂದು ಕಾಳಿನಷ್ಟು ಕೆಳಗೆ ಕೂತಿದೆ. ಎರಡೂ ಸಮ ಕಾಣಲೆಂದು ತಲೆಯನ್ನು ಬಲಕ್ಕೆ ಚೂರು ವಾಲಿಸಿ ನಿಲ್ಲುವುದನ್ನು ತಾನೇ ಕಲಿತಿದ್ದಾಳೆ. ನೋಡಿದವರೆಲ್ಲ, ಹೇಳಿದ್ದನ್ನು ಎಷ್ಟು ಗಮನವಿಟ್ಟು ಕೇಳುತ್ತಾಳೆ ಎಂದು ಮೆಚ್ಚುತ್ತಾರೆ. ಸೋದರಮಾವನ ಗುಣವೇ ಇರಬೇಕು ಎಂದು ಮೊನ್ನೆ ಯಾರೋ ಅಂದರು. ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನೂ ತಲೆ ವಾಲಿಸಿ ಕೂತೆ.