ಹೂಕುಂಡ ಕಂಪನಿಯ ಮಾಲೀಕರು

ಹಳೇ ಮಂಚಕ್ಕೆ ಪಾಲಿಶ್ ಬಳಿದು ಹೊಸದರ ಪಕ್ಕ ನಿಲ್ಲಿಸುವ ವಿದ್ಯೆಯಲ್ಲೇ ತಲೆ ನರೆಸಿಕೊಂಡ ವ್ಯಾಪಾರಿಗೆ, ಆ ವಿದ್ಯೆಯ ಮುಂದಿನ ಪಾಠ ಸ್ವಂತ ಹೆಂಡತಿಯಿಂದಲೇ ಆಗಬೇಕೆಂದು ಹಣೆಯಲ್ಲಿ ಬರೆದಿತ್ತು.

ಹೆಂಡತಿ ಆಗಷ್ಟೇ ಕೋಡಿಂಗ್ ತರಬೇತಿ ಮುಗಿಸಿದ್ದಳು. ಅಲ್ಲಿ ಸಹಪಾಠಿಗಳ ಜೊತೆ ಸೇರಿ ಅಭ್ಯಾಸಕ್ಕೆಂದು ಹೂಕುಂಡ ಮಾರುವ ವೆಬ್‌ಸೈಟ್ ಒಂದನ್ನು ಕಟ್ಟಿದ್ದಳು. ಅಂಗಡಿ ಇಲ್ಲ, ಕುಂಡ ಇಲ್ಲ, ಕೊಳ್ಳುವವರಂತೂ ಇಲ್ಲವೇ ಇಲ್ಲ. ಆದರೆ ಅವಳ ರೆಸ್ಯೂಮೆಯಲ್ಲಿ ಅದೇ ‘ಪ್ರತಿಷ್ಠಿತ ಹೂಕುಂಡ ಕಂಪನಿಯಲ್ಲಿ ಹಿರಿಯ ತಂತ್ರಜ್ಞೆ’ ಎಂದು ಅರಳಿ ನಿಂತಿತ್ತು.

"ಇದು ಸುಳ್ಳಲ್ವೇನೇ?"

"ನಿಮ್ಮ ಅಂಗಡೀಲಿ ‘ರಾಜಮನೆತನದ ಮಂಚ’ ಅಂತ ಬೋರ್ಡ್ ಹಾಕಿದೀರಲ್ಲ, ಯಾವ ರಾಜ ಮಲಗಿದ್ದ ರೀ?"

ವ್ಯಾಪಾರಿ ಕೆಮ್ಮಿದ. (ಮಲಗಿದ್ದವರು ಒಬ್ಬ ಹಲ್ಲಿನ ಡಾಕ್ಟರು.)

"ಕ್ಲಾಸಲ್ಲಿ ಎಲ್ರೂ ಹೀಗೇ ಬರೆದಿರೋದು. ಕೆಲಸ ಕೊಡೋರು ವಿಚಾರಿಸೋಕೆ ಫೋನ್ ಮಾಡಿದ್ರೆ ಹೂಕುಂಡ ಕಂಪನಿ ಮಾಲೀಕರು ನೀವೇ. ‘ಒಳ್ಳೇ ಕೆಲಸಗಾರ್ತಿ’ ಅನ್ನಿ, ಫೋನ್ ಇಟ್ಬಿಡಿ. ಇಷ್ಟು ವರ್ಷ ಆದ್ಮೇಲೆ ಮನೆಯಿಂದಾಚೆ ನಂದೂ ಅಂತ ಒಂದು ಕುರ್ಚಿ ಸಿಗೋ ಹಾಗಿದೆ. ದಯವಿಟ್ಟು ಕೆಡಿಸಬೇಡಿ."

ಸಂಜೆ ಫೋನ್ ಬಂತು. ವ್ಯಾಪಾರಿ ಸೋಫಾದಿಂದೆದ್ದು, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿ, ಗಂಟಲಿಗೆ ಮಾಲೀಕತ್ವ ತಂದುಕೊಂಡ.

"ಅವರ ಕೆಲಸ ಹೇಗೆ ಸಾರ್?" ಎಂದರು ಆ ಕಡೆಯ ಮೇಡಂ.

"ಅಪ್ಪಟ ಚಿನ್ನ ಮೇಡಂ! ಇವತ್ತಿನ ತನಕ ಒಂದೂ ಕುಂಡ ಒಡೆದಿಲ್ಲ."

ಹೆಂಡತಿ ಹಣೆ ಚಚ್ಚಿಕೊಂಡಳು.

"ಹಾಗಾದ್ರೆ ಸೋಮವಾರದಿಂದಲೇ ಕಳಿಸಿಕೊಡ್ತೀರಾ?"

ಎಡವಟ್ಟಾದದ್ದು ಇಲ್ಲೇ. ಗಿರಾಕಿಯ ದನಿಯಲ್ಲಿ ಆಸೆ ಕಂಡೊಡನೆ ಮಾಲನ್ನು ಹಿಂದಕ್ಕೆಳೆದುಕೊಳ್ಳುವುದು ವ್ಯಾಪಾರಿಯ ರಕ್ತಗುಣ. ಇಲ್ಲದ ಸಾಮ್ರಾಜ್ಯದ ಚಕ್ರವರ್ತಿಯಂತೆ ಎದೆ ಸೆಟೆಸಿದ.

"ಅದ್ಹೇಗೆ ಕಳಿಸೋದು ಮೇಡಂ? ಅವರು ಹೋದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಷ್ಟೆ!"

ಹೆಂಡತಿ ಕೈ ಮುಗಿದಳು, ಕಣ್ಣು ಕೆಕ್ಕರಿಸಿದಳು, ಕೊನೆಗೆ ದಿಂಬು ಎಸೆದಳು. ವ್ಯಾಪಾರಿ ದಿಂಬಿನಿಂದ ತಪ್ಪಿಸಿಕೊಂಡು ಹಾಯಾಗಿ ಕಾದ. ಇನ್ನೇನು ಗಿರಾಕಿ ಚೌಕಾಸಿಗೆ ಇಳಿಯಬೇಕು.

"ಅಯ್ಯೋ, ಬೇಡ ಬಿಡಿ ಸಾರ್. ನಿಮ್ಮ ಕಂಪನಿ ಮುಚ್ಚಿಸಿದ ಪಾಪ ನಮಗ್ಯಾಕೆ? ನಿಮ್ಮಲ್ಲೇ ಇನ್ನೊಬ್ಬರು ಹಿರಿಯ ತಂತ್ರಜ್ಞರು ಅರ್ಜಿ ಹಾಕಿದಾರೆ, ಅವರನ್ನೇ ತಗೋತೀವಿ."

ಫೋನ್ ಕಟ್ಟಾಯಿತು. ಹೆಂಡತಿ ಎಸೆದ ದಿಂಬನ್ನು ಎತ್ತಿ, ಧೂಳು ಕೊಡವಿ, ಸೋಫಾದ ಮೇಲಿಟ್ಟಳು.

"ನಾನಿಲ್ದಿದ್ರೆ ಬಾಗಿಲು ಹಾಕ್ಬೇಕು, ಅಲ್ವಾ?" ಎಂದಳು ಮೆಲ್ಲಗೆ. "ಮಾಲೀಕರೇ ಹೇಳಿದ್ಮೇಲೆ ಮುಗೀತು."

ಮರುದಿನ ಬೆಳಗ್ಗೆ ಮಂಚದಂಗಡಿಯ ಏಕೈಕ ಮೆತ್ತನೆಯ ಕುರ್ಚಿಯಲ್ಲಿ ಅವಳು ವಿರಾಜಮಾನಳಾಗಿದ್ದಳು. ರಾಜಮನೆತನದ ಬೋರ್ಡ್ ಇಳಿದು, ‘ಹಲ್ಲಿನ ಡಾಕ್ಟರದ್ದು, ಒಂದು ಕಾಲು ಹೊಸದು’ ಎಂಬ ಬೋರ್ಡ್ ಏರಿತ್ತು. ವ್ಯಾಪಾರಿ ತಲೆ ಮೇಲೆ ಕೈ ಹೊತ್ತ. ಮೊದಲು ಬಂದ ಗಿರಾಕಿ ಬೋರ್ಡ್ ಓದಿ, ನಕ್ಕು, ಮರುಮಾತಿಲ್ಲದೆ ಅದೇ ಮಂಚವನ್ನು ಕೊಂಡ. ಹೊರಡುವಾಗ, ಒರೆಸುವ ಬಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದ ವ್ಯಾಪಾರಿಯತ್ತ ಕೈ ತೋರಿಸಿ, "ಇವರು ಯಾರಮ್ಮ?" ಎಂದು ಕೇಳಿದ.

"ಹೊಸಬರು," ಎಂದಳು ಹೆಂಡತಿ. "ಅನುಭವ ಇಲ್ಲ. ಈಗಿನ್ನೂ ಕಲೀತಿದಾರೆ."